ಮರಿ ಹಾವಿಗೂ ವಂಶದ ದಾಖಲೆ ಬೇಕು

ಮಾನ್ಯರೇ,

ಆಫ್ರಿಕಾದ ಬಾಲ್ ಹೆಬ್ಬಾವುಗಳನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಂಡ ವರದಿಗಳು ಆಗಾಗ ಬರುತ್ತಿದ್ದರೂ, ಇಂಥ ವಿದೇಶಿ ಹಾವುಗಳನ್ನು ಸಾಕಿ ಮರಿ ಮಾಡಿಸುವವರ ಮೇಲಿನ ನಿಗಾ ಸಾಲದು. ‘ಸಾಕಣೆಯಲ್ಲೇ ಹುಟ್ಟಿದ್ದು’ ಎಂಬ ಮಾತನ್ನು ಹಾಗೆಯೇ ನಂಬುವಂತಿಲ್ಲ. ಟೋಗೊ, ಬೆನಿನ್, ಘಾನಾಗಳಲ್ಲಿ ಮೊಟ್ಟೆ ತುಂಬಿದ ಹೆಣ್ಣು ಹಾವುಗಳನ್ನು ಬಿಲ ಅಗೆದು ಹಿಡಿದು, ಅವುಗಳ ಮೊಟ್ಟೆಯೊಡೆದ ಮರಿಗಳನ್ನು ರಫ್ತು ಮಾಡುವ ಪದ್ಧತಿಯೇ ಇದೆ. ಅಂಗೋಲಾ ಹೆಬ್ಬಾವಿನಂಥ ಅಪರೂಪದ ಜಾತಿಗೂ ಇದೇ ಗತಿಯಾದರೆ ಸಾಕಣೆಯಿಂದ ಕಾಡಿಗೇನು ಲಾಭ?

ಕೇಂದ್ರ ಸರ್ಕಾರದ 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸುವುದು ಕಡ್ಡಾಯ. ಮರಿಗಳ ನೋಂದಣಿಯ ವೇಳೆ ತಾಯಿ–ತಂದೆ ಹಾವುಗಳ ಡಿಎನ್‌ಎ ಪುರಾವೆಯನ್ನೂ ಅರಣ್ಯ ಇಲಾಖೆ ಕೇಳಲಿ. ಕಳಚಿದ ಪೊರೆಯಿಂದಲೇ ಮಾದರಿ ಸಿಗುವುದರಿಂದ ಹಾವಿಗೆ ಹಿಂಸೆಯೂ ಆಗದು.

– ಓದುಗ, ಮೈಸೂರು