ಬೆರೆನಿಕೆಯಿಂದ ನಾಣೇಘಾಟ್‌ಗೆ: ಗೆಳೆಯನಿಗೊಂದು ಪತ್ರ

ಡೊಂಬಿವ್ಲಿ

ಪ್ರೀತಿಯ ಸುಧಾಕರ,

ಮರಳುಗಾಡಿನಲ್ಲಿ ಅಡ್ಡ ಬರಲು ಕಾಡಿಲ್ಲ, ಗದ್ದೆಯಿಲ್ಲ, ಆದರೂ ಹಳೆಯ ದಾರಿಗಳು ಯಾಕೆ ಅಷ್ಟು ಸುತ್ತುತ್ತವೆ ಎಂದು ಕೇಳಿದ್ದೆಯಲ್ಲ. ಅಲ್ಲಿ ದೂರ ಅಳೆಯುವುದೇ ಒಂದು ನೀರಿನಿಂದ ಮುಂದಿನ ನೀರಿಗೆ, ಮಾರಾಯ.

ಈಜಿಪ್ಟನ್ನೇ ನೋಡು. ಮಲಬಾರಿನ ಕಾಳುಮೆಣಸು ಹೊತ್ತ ಎಷ್ಟೋ ಹಡಗುಗಳು ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲೇ ಸರಕು ಇಳಿಸುತ್ತಿದ್ದವು. ಇನ್ನೂ ಉತ್ತರಕ್ಕೆ ಹೋಗಿದ್ದರೆ ನೆಲದ ದಾರಿ ಕಡಿಮೆಯಾಗುತ್ತಿತ್ತು, ನಿಜ. ಆದರೆ ಅಲ್ಲಿ ವರ್ಷದ ಬಹುಪಾಲು ಬಡಗಣ ಗಾಳಿ. ಹಾಯಿ ಹಡಗಿಗೆ ಅದರ ಎದುರು ಸಾಗುವುದು ಕಷ್ಟ. ಹಾಗಾಗಿ ಮೂಟೆಗಳನ್ನು ಒಂಟೆಗಳ ಮೇಲೆ ಹೇರಿ ನೈಲ್ ದಂಡೆಯ ಕೊಪ್ಟೋಸ್‌ಗೆ ಒಯ್ಯುತ್ತಿದ್ದರು. ಅದು 12 ದಿನದ ದಾರಿ ಎಂದು ಸುಮಾರು ಎರಡು ಸಾವಿರ ವರ್ಷ ಹಿಂದಿನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಬಿಸಿಲಿನ ಝಳಕ್ಕೆ ನಡೆಯುವುದೆಲ್ಲ ಹೆಚ್ಚಾಗಿ ರಾತ್ರಿ, ಹಗಲು ನೀರಿರುವ ತಂಗುದಾಣಗಳಲ್ಲಿ ವಿಶ್ರಾಂತಿ. ಅವನಿಗಿಂತ ಹಿಂದಿನ ಗ್ರೀಕ್ ಭೂಗೋಳ ಲೇಖಕ ಸ್ಟ್ರಾಬೊ ಹೇಳಿದ್ದು ನನಗೆ ಇನ್ನೂ ಇಷ್ಟ. ಮೊದಲೆಲ್ಲ ವರ್ತಕರು ನಾವಿಕರ ಹಾಗೆ ನಕ್ಷತ್ರ ನೋಡುತ್ತ, ಕುಡಿಯುವ ನೀರನ್ನೂ ಹೊತ್ತುಕೊಂಡೇ ಹೋಗುತ್ತಿದ್ದರಂತೆ. ಆಮೇಲೆ ಆಳದ ಬಾವಿಗಳಾದವು. ಅಪರೂಪಕ್ಕೆ ಬೀಳುವ ಮಳೆಗೂ ತೊಟ್ಟಿ ಕಟ್ಟಿದರು.

ಬಾವಿ ತೋಡಿದ್ದು ಹೆಚ್ಚಾಗಿ ಒಣ ಹಳ್ಳಗಳ ಪಾತ್ರದಲ್ಲಿ. ಎಂದೋ ಬಂದ ನೆರೆ ಇಳಿದುಹೋದ ಮೇಲೂ ಮರಳು, ಜಲ್ಲಿಯ ಅಡಿಯಲ್ಲಿ ನೀರು ಉಳಿಯುತ್ತದೆ. ಗುಡ್ಡಗಳ ನಡುವೆ ಒಂಟೆಗೆ ನಡೆಯಲು ಸಲೀಸಾದ ನೆಲವೂ ಅದೇ. ದಾರಿ ಹಳ್ಳ ಹಿಡಿದು ಸುತ್ತಿದ್ದು ಅದಕ್ಕೆ. ರೋಮನ್ನರು ಈ ದಾರಿಯುದ್ದಕ್ಕೂ ಕೋಟೆ ಕಟ್ಟಿ ನೀರನ್ನು ಕಾದರು. ಇಷ್ಟೆಲ್ಲ ಪಾಡು ಯಾವುದಕ್ಕೆ ಅನ್ನುವುದಕ್ಕೆ ಬೆರೆನಿಕೆಯ ದೇವಾಲಯದಲ್ಲಿ ಸಾಕ್ಷಿ ಸಿಕ್ಕಿದೆ: ಭಾರತದಲ್ಲಿ ಮಾಡಿದ ಮಣ್ಣಿನ ಗುಡಾಣ, ಅದರೊಳಗೆ ಸುಮಾರು 7.5 ಕಿಲೋ ಕಾಳುಮೆಣಸು!

ಇತ್ತ ನಮ್ಮ ಮನೆಯಿಂದ ಲೋಕಲ್ ಹತ್ತಿದರೆ ಸಿಗುವ ಕಲ್ಯಾಣವೂ ಆ ಕಾಲದ ಬಂದರೇ. ಅಲ್ಲಿಂದ ಜುನ್ನರಕ್ಕೆ ಹೋಗುವ ದಾರಿ ನಾಣೇಘಾಟ್‌ನಲ್ಲಿ ಘಟ್ಟ ಹತ್ತುತ್ತದೆ. ಮೇಲೆ ಶಾತವಾಹನರ ರಾಣಿ ನಾಗನಿಕೆಯ ಶಾಸನವಿರುವ ಗುಹೆಯಿದೆ, ಸುತ್ತಮುತ್ತ ಬಂಡೆಯಲ್ಲೇ ಕೊರೆದ ಟಾಕೆಗಳು, ಅಂದರೆ ನೀರಿನ ತೊಟ್ಟಿಗಳು, ಇವೆ. ಇಷ್ಟು ಮಳೆ ಸುರಿಯುವ ಕಡೆ ಅವು ಯಾಕೆ ಬೇಕಾದವು? ಮಳೆ ನಿಂತ ಕೆಲವೇ ವಾರಗಳಲ್ಲಿ ಈ ಕರಿಬಂಡೆಯ ಮೇಲಿನ ಝರಿಗಳೆಲ್ಲ ಬತ್ತುತ್ತವೆ. ಹೇರು ಹೊತ್ತ ಎತ್ತುಗಳು ಘಟ್ಟ ಹತ್ತಲು ಆಗುವುದೂ ಮಳೆ ನಿಂತ ಮೇಲೆಯೇ.

ಇಲ್ಲಿನ ಜನ ಜಲಪಾತ ನೋಡಲೆಂದು ಮಳೆಗಾಲದಲ್ಲಿ ಅಲ್ಲಿಗೆ ಮುಗಿಬೀಳುತ್ತಾರೆ. ನೀನು ಮೇ ತಿಂಗಳಲ್ಲಿ ಬಾ. ಕೆಳಗಿನಿಂದ ನಡೆದೇ ಹತ್ತೋಣ, ಯಾವ ಟಾಕೆಯಲ್ಲಿ ಇನ್ನೂ ನೀರಿದೆ ಎಂದು ನೋಡೋಣ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರಮೇಶ