ಹೊಸ ಕುಲಪತಿ ಬಂದ್ರು, ಕಾಯಂ ಮೇಷ್ಟ್ರು ಯಾವಾಗ ಬರ್ತಾರೆ?

ಮಾನ್ಯ ಸಂಪಾದಕರೇ,

ಯಾವ್ದಾದ್ರೂ ಯೂನಿವರ್ಸಿಟಿಗೆ ಹೊಸ ಕುಲಪತಿ ನೇಮಕ ಆದ್ರೆ ಪೇಪರ್‌ನಲ್ಲಿ ಫೋಟೋ ಸಮೇತ ಸುದ್ದಿ ಬರತ್ತೆ, ಹಾರ ಹಾಕಿದ್ದು, ಅಧಿಕಾರ ವಹಿಸ್ಕೊಂಡಿದ್ದು, ಕುಲಸಚಿವರು ಬದಲಾಗಿದ್ದು ಎಲ್ಲಾ ಬರತ್ತೆ. ಬರ್ಲಿ, ಬೇಡ ಅನ್ನಲ್ಲ. ಆದ್ರೆ ಅದೇ ಯೂನಿವರ್ಸಿಟಿಲಿ ಮಂಜೂರಾದ ಅಧ್ಯಾಪಕರ ಹುದ್ದೆ ಎಷ್ಟು, ಭರ್ತಿ ಆಗಿರೋದು ಎಷ್ಟು ಅನ್ನೋದು ಆ ಸುದ್ದಿ ಜೊತೆ ಒಂದು ಸಾಲೂ ಇರಲ್ಲ.

ನನ್ನ ಮಗಳು ರಾಜ್ಯದ ಒಂದು ಯೂನಿವರ್ಸಿಟಿಲಿ ಎಂಎ ಮುಗಿಸಿದ್ಲು. ಅವಳ ಡಿಪಾರ್ಟ್‌ಮೆಂಟಲ್ಲಿ ಪರ್ಮನೆಂಟ್ ಅಂತ ಇದ್ದಿದ್ದು ಒಬ್ರೇ ಪ್ರೊಫೆಸರ್, ಉಳಿದೋರೆಲ್ಲ ಅತಿಥಿ ಉಪನ್ಯಾಸಕರು. ಪಾಠ ಚೆನ್ನಾಗೇ ಮಾಡ್ತಿದ್ರು, ಆ ಬಗ್ಗೆ ತಕರಾರಿಲ್ಲ, ಆದ್ರೆ ಪಿಎಚ್‌ಡಿ ಮಾಡೋಣ ಅಂತ ಹೋದ್ರೆ ಗೈಡೇ ಇಲ್ಲ. ಯಾಕಂದ್ರೆ ಯುಜಿಸಿ (ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) ರೂಲ್ಸ್ ಪ್ರಕಾರ ಕಾಯಂ ಅಧ್ಯಾಪಕರು ಮಾತ್ರ ಗೈಡ್ ಆಗಬಹುದು, ಅದ್ರಲ್ಲೂ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಜನ ಅಂತ ಮಿತಿ ಇದೆ. ಇರೋ ಒಬ್ರ ಹತ್ರ ಸೀಟು ತುಂಬಿದ್ರೆ ಮುಗೀತು, ಯಾರಾದ್ರೂ ಥೀಸಿಸ್ ಕೊಟ್ಟು ಹೋಗೋವರೆಗೂ ಕಾಯ್ಬೇಕು.

2018ರ ಯುಜಿಸಿ ನಿಯಮದಲ್ಲೇ ಗುತ್ತಿಗೆ ಮೇಲೆ ತಗೊಳ್ಳೋ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ 10ಕ್ಕಿಂತ ಹೆಚ್ಚಿರಬಾರ್ದು ಅಂತಿದೆ. ನಮ್ಮ ಎಷ್ಟೋ ಡಿಪಾರ್ಟ್‌ಮೆಂಟುಗಳಲ್ಲಿ ಅತಿಥಿಗಳೇ ಮನೆ ನಡೆಸ್ತಿದ್ದಾರೆ. ನೆಟ್ಟು, ಕೆಸೆಟ್ಟು ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿ, ಪಿಎಚ್‌ಡಿ ಎಲ್ಲಾ ಇದ್ರೂ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕ್ಬೇಕು, ವರ್ಕ್‌ಲೋಡ್ ಕಮ್ಮಿ ಆದ್ರೆ ಮೊದಲು ಅವ್ರನ್ನೇ ಬಿಡಿಸ್ತಾರೆ. ನಲವತ್ತು ದಾಟಿದೋರು, ಮಕ್ಕಳು ಹೈಸ್ಕೂಲಿಗೆ ಹೋಗ್ತಿರೋರು ಹೀಗೆ ಬದುಕ್ತಿದ್ದಾರೆ, ಇದು ನಿಜಕ್ಕೂ ಅನ್ಯಾಯ.

ಇನ್ನೊಂದು ಲೆಕ್ಕ ನೋಡಿ. ಪಿಎಚ್‌ಡಿ ಇರೋ ಒಬ್ರು ಇವತ್ತು ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದ್ರೆ ಬಡ್ತಿ ಮೇಲೆ ಅಸೋಸಿಯೇಟ್ ಆಗೋಕೆ ಕಮ್ಮಿ ಅಂದ್ರೂ 12 ವರ್ಷ, ಪ್ರೊಫೆಸರ್ ಆಗೋಕೆ ಇನ್ನೂ 3 ವರ್ಷ ಬೇಕು. ಕುಲಪತಿ ಆಗೋಕೆ ಪ್ರೊಫೆಸರ್ ಆಗಿ 10 ವರ್ಷ ಅನುಭವ ಕೇಳ್ತಾರೆ. ಅಂದ್ರೆ 25 ವರ್ಷ. ಈಗ ಯಾರನ್ನೂ ತಗೊಳ್ದೆ ಕೂತ್ರೆ 25 ವರ್ಷ ಆದ್ಮೇಲೆ ನಮ್ಮಲ್ಲೇ ಬೆಳೆದ ಕುಲಪತಿ ಎಲ್ಲಿಂದ ಬರ್ತಾರೆ? ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿಗೆ ಕನ್ನಡ ಉಪನ್ಯಾಸಕರಾಗಿ ಸೇರಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಬಂದು, ಪ್ರಿನ್ಸಿಪಾಲ್ ಆಗಿ, 1956ರಲ್ಲಿ ಮೈಸೂರು ವಿವಿ ಕುಲಪತಿ ಆದ್ರು, 1960ರಲ್ಲಿ ನಿವೃತ್ತಿ ಆಗೋ ಹೊತ್ತಿಗೆ ಆ ವಿವಿಯ ಕ್ಯಾಂಪಸ್ ಮಾನಸಗಂಗೋತ್ರಿ ಕಟ್ಟಿ ಕೊಟ್ಟಿದ್ರು. ಅವರಿಗೆ ಪ್ರತಿ ಜೂನ್‌ನಲ್ಲೂ ಮುಂದಿನ ವರ್ಷ ಕೆಲಸ ಇರತ್ತೋ ಇಲ್ವೋ ಅನ್ನೋ ಚಿಂತೆ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ.

ಕುಲಪತಿ ನೇಮಕದ ಕಥೆಯೂ ಅಷ್ಟೇ. ಅವಧಿ 4 ವರ್ಷ, ಮುಗಿಯೋ ತಾರೀಖು ಮೊದಲ ದಿನವೇ ಗೊತ್ತಿರತ್ತೆ, ಆದ್ರೂ ಹೆಸರು ಆರಿಸೋ ಶೋಧನಾ ಸಮಿತಿ ಮಾಡೋದು ತಡ, ಅದರ ಪಟ್ಟಿ ಹೋಗೋದು ತಡ, ಅಷ್ಟ್ರಲ್ಲಿ ಹಿರಿಯ ಡೀನ್ ಒಬ್ರು ಹಂಗಾಮಿ ಕುಲಪತಿ. ಹಂಗಾಮಿಯಲ್ಲಿರೋರು ನೇಮಕಾತಿ ಫೈಲ್‌ಗೆ ಕೈ ಹಾಕೋಕೆ ಹಿಂಜರೀತಾರೆ, ಅದು ಸಹಜ. ನಮ್ಮ ರಾಜ್ಯದ ಕಾಯ್ದೆಯಲ್ಲಿ ರಾಜ್ಯಪಾಲರು ಸರ್ಕಾರದ ಸಹಮತಿ ತಗೊಂಡೇ ಕುಲಪತಿನ ನೇಮಿಸ್ಬೇಕು, 2025ರ ಜನವರಿಲಿ ಬಂದ ಯುಜಿಸಿ ಕರಡಲ್ಲಿ ಶೋಧನಾ ಸಮಿತಿಲಿ ರಾಜ್ಯ ಸರ್ಕಾರದ ಪ್ರತಿನಿಧಿಗೇ ಜಾಗ ಇರ್ಲಿಲ್ಲ, ಅದನ್ನ ನಮ್ಮ ಸರ್ಕಾರ ವಿರೋಧಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದ್ರೆ ಆ ಹಕ್ಕಿಗೆ ಹೋರಾಡೋ ಸರ್ಕಾರಾನೇ ಖಾಲಿ ಹುದ್ದೆ ತುಂಬೋಕೆ ಆರ್ಥಿಕ ಇಲಾಖೆ ಒಪ್ಪಿಗೆ ಕೊಡಿಸ್ಬೇಕಲ್ವಾ, ಅದು ಕೇಂದ್ರದ ಕೈಯಲ್ಲಿಲ್ಲ. ಹಾಸನ, ಹಾವೇರಿ, ಕೊಪ್ಪಳ, ಕೊಡಗು ಅಂತ ಹಿಂದಿನ ಸರ್ಕಾರ ಜಿಲ್ಲೆಗೊಂದು ವಿವಿ ಮಾಡ್ತು, ಕುಲಪತಿಗಳೂ ಬಂದ್ರು, ಈ ಸರ್ಕಾರ ಬಂದ್ಮೇಲೆ ಮುಚ್ಚೋ ಮಾತು ಬಂತು. ಮೇಷ್ಟ್ರು, ದುಡ್ಡು ಎರಡೂ ಮೊದಲೇ ಕೊಟ್ಟಿದ್ರೆ ಆ ಮಾತು ಬರ್ತಿರ್ಲಿಲ್ಲ.

ಹೊಸದಾಗಿ ಬಂದಿರೋ ಕುಲಪತಿಗಳಲ್ಲಿ ನನ್ನ ವಿನಂತಿ ಇಷ್ಟೇ. ಡಿಪಾರ್ಟ್‌ಮೆಂಟ್‌ವಾರು ಮಂಜೂರಾದ, ಭರ್ತಿಯಾದ, ಖಾಲಿ ಇರೋ ಹುದ್ದೆಗಳ ಪಟ್ಟಿನ ವೆಬ್‌ಸೈಟಲ್ಲಿ ಹಾಕಿ, ರೋಸ್ಟರ್ (ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನೋ ಪಟ್ಟಿ) ರೆಡಿ ಮಾಡಿ, ಮೀಸಲಾತಿಲಿ ತುಂಬದೆ ಉಳಿದ ಬ್ಯಾಕ್‌ಲಾಗ್ ಹುದ್ದೆಗಳನ್ನ ಮೊದಲು ಕರೀರಿ, ಇಷ್ಟು ವರ್ಷ ದುಡಿದ ಅತಿಥಿಗಳ ಸೇವೆಗೆ ಅದ್ರಲ್ಲಿ ಬೆಲೆ ಕೊಡಿ. ನಿಮ್ಮ ಪತ್ರಿಕೆಯವರು ಮುಂದಿನ ಸಲ ಕುಲಪತಿಗಳ ಸಂದರ್ಶನ ಮಾಡೋವಾಗ ದಯವಿಟ್ಟು ಕೇಳಿ, ಸರ್ಕಾರಕ್ಕೆ ನೇಮಕಾತಿ ಪ್ರಸ್ತಾವನೆ ಕಳಿಸಿದ್ದೀರಾ, ಯಾವ ತಾರೀಖು ಕಳಿಸಿದ್ರಿ ಅಂತ.

ಇಂತಿ,
ಒಬ್ಬ ಪೋಷಕ, ಭದ್ರಾವತಿ