ಹತ್ತು ಗಜ ಬೇಡ ಎಂದವನ ಲೆಕ್ಕ

ಮಾನ್ಯ ಸಂಪಾದಕರೇ,

ಭಾನುವಾರದ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ದೂರ ಓಡಿದವರ ಪಟ್ಟಿ ಹಾಕಿದ್ದೀರಿ. ಎಮಿಟ್ ಸ್ಮಿತ್ 18,355 ಗಜ, ವಾಲ್ಟರ್ ಪೇಟನ್ 16,726, ಫ್ರಾಂಕ್ ಗೋರ್ 16,000, ಬ್ಯಾರಿ ಸ್ಯಾಂಡರ್ಸ್ 15,269. ಅಂಕಿಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಸ್ಯಾಂಡರ್ಸ್ ಹೆಸರಿನ ಮುಂದೆ ‘ದಾಖಲೆಯ ಹೊಸ್ತಿಲಲ್ಲಿ ಆಟ ಬಿಟ್ಟು ಅವಕಾಶ ಹಾಳು ಮಾಡಿಕೊಂಡ’ ಎಂದು ಒಂದು ಸಾಲು ಸೇರಿಸಿದ್ದೀರಲ್ಲ, ತಕರಾರು ಅದಕ್ಕೆ.

ನಾನು ಮೂಡಿಗೆರೆ ತಾಲ್ಲೂಕಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ಹುಡುಗರಿಗೆ ಕಬಡ್ಡಿ ಕಲಿಸಿಯೇ ಆಯುಷ್ಯ ಕಳೆದಿದ್ದೇನೆ. ಮಗಳು, ಅಳಿಯ ಡೆಟ್ರಾಯಿಟ್ ಹತ್ತಿರ ಇದ್ದಾರೆ. ಅಲ್ಲಿಗೆ ಹೋದರೆ ಚಳಿಗೆ ಹೊರಗೆ ಕಾಲಿಡುವಂತಿಲ್ಲ, ಮನೆಯೊಳಗೆ ಟಿ.ವಿ.ಯೇ ಗತಿ. ಆ ಊರಿನ ತಂಡ ಡೆಟ್ರಾಯಿಟ್ ಲಯನ್ಸ್‌ನ ಹಳೆಯ ಪಂದ್ಯಗಳನ್ನು ಅಳಿಯ ಹಾಕಿಕೊಡುತ್ತಿದ್ದ. ನನ್ನ ಕಣ್ಣು ಬೇರೆಲ್ಲೂ ಹೋಗದೆ ಇಪ್ಪತ್ತನೇ ನಂಬರಿನ ಅಂಗಿಯ ಸ್ಯಾಂಡರ್ಸ್ ಮೇಲೇ ನೆಡುತ್ತಿತ್ತು. 5 ಅಡಿ 8 ಅಂಗುಲದ ಆಳು. ಅವನ ಎದುರಿಗಿದ್ದವರಲ್ಲಿ ಹೆಚ್ಚಿನವರು ಅವನಿಗಿಂತ ಎತ್ತರ.

ಆಟ ಗೊತ್ತಿಲ್ಲದ ಓದುಗರಿಗೆ ಒಂದೆರಡು ಮಾತು. ಚೆಂಡಿರುವ ತಂಡಕ್ಕೆ ನಾಲ್ಕು ಅವಕಾಶ ಇರುತ್ತದೆ, ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ರನ್ನಿಂಗ್ ಬ್ಯಾಕ್ ಎನ್ನುವವನು ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗುತ್ತಾನೆ. ಆಟ ಶುರುವಾದ ಗೆರೆಯಿಂದ ಎಷ್ಟು ಮುಂದೆ ಹೋಗಿ ಬಿದ್ದನೋ ಅಷ್ಟು ಗಜ ಅವನ ಲೆಕ್ಕಕ್ಕೆ. ಗೆರೆಯ ಹಿಂದೆಯೇ ಬಿದ್ದರೆ ಅಷ್ಟು ಗಜ ಕಳೆಯುತ್ತಾರೆ. ನಮ್ಮ ರೈಡರ್ ಬರಿಗೈಲಿ ಬಂದರೆ ಸೊನ್ನೆ, ಇವರಿಗೆ ಸೊನ್ನೆಗಿಂತಲೂ ಕೆಳಗೆ ಒಂದು ಜಾಗ ಇದೆ.

ಸ್ಯಾಂಡರ್ಸ್ ಆ ಜಾಗಕ್ಕೆ ಬೇಕಾದಷ್ಟು ಸಲ ಹೋಗಿದ್ದಾನೆ. ಎರಡು ಗಜ ಸಿಕ್ಕರೆ ಸಾಕು ಎಂದು ತಲೆ ತಗ್ಗಿಸಿ ನುಗ್ಗುವ ಪೈಕಿ ಅಲ್ಲ ಅವನು. ದಾರಿ ಮುಚ್ಚಿದರೆ ಹಿಂದಕ್ಕೆ ಬಂದು, ಅಡ್ಡಕ್ಕೆ ಓಡಿ, ಗಿರಕಿ ಹೊಡೆದು ಹೊಸ ದಾರಿ ಹುಡುಕುತ್ತಿದ್ದ. 1994ರ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ನಡೆದ ಪ್ಲೇಆಫ್ ಪಂದ್ಯದಲ್ಲಿ 13 ಸಲ ಚೆಂಡು ಹಿಡಿದು ಅವನು ಓಡಿದ್ದು ಒಟ್ಟು ಮೈನಸ್ ಒಂದು ಗಜ. ಅದೇ ಋತುವಿನ ಲೀಗ್ ಪಂದ್ಯಗಳಲ್ಲಿ 1,883 ಗಜ ಓಡಿ ಎಲ್ಲರಿಗಿಂತ ಮೇಲಿದ್ದವನು ಇವನೇ! ಕೋಚ್ ಆದವನಿಗೆ ಇಂಥ ಆಟಗಾರನಿಂದ ರಕ್ತದೊತ್ತಡ ಗ್ಯಾರಂಟಿ. ನನಗೂ ಒಬ್ಬ ಹುಡುಗ ಹಾಗೇ ಇದ್ದ. ಬೋನಸ್ ಗೆರೆ ತುಳಿದು ಸುಮ್ಮನೆ ಬಾ ಎಂದರೆ ಮೂಲೆಯವರೆಗೂ ಹೋಗಿ ಬರುತ್ತಿದ್ದ, ಕೆಲವು ಸಲ ಬರುತ್ತಲೇ ಇರಲಿಲ್ಲ. ಅವನನ್ನು ತಂಡದಿಂದ ಕೈಬಿಡುವ ಯೋಚನೆ ಮಾತ್ರ ನನಗೆ ಬರಲಿಲ್ಲ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಸ್ಮಿತ್ ತನ್ನ 18,355 ಗಜಕ್ಕೆ 15 ಋತು ಆಡಿದ, 4,409 ಸಲ ಚೆಂಡು ಹಿಡಿದು ಓಡಿದ. ಪೇಟನ್ 13 ಋತು, 3,838 ಸಲ. ಸ್ಯಾಂಡರ್ಸ್ 10 ಋತು, 3,062 ಸಲ. ಭಾಗಿಸಿ ನೋಡಿದರೆ ಸ್ಮಿತ್‌ಗೆ ಪ್ರತಿ ಓಟಕ್ಕೆ ನಾಲ್ಕು ಗಜದ ಮೇಲೆ ಚೂರು, ಸ್ಯಾಂಡರ್ಸ್‌ಗೆ ಹತ್ತಿರ ಹತ್ತಿರ ಐದು. ಸ್ಮಿತ್ ಓಡಿದಷ್ಟು ಸಲ ಇವನೂ ಅದೇ ಸರಾಸರಿಯಲ್ಲಿ ಓಡಿದ್ದರೆ ಸುಮಾರು 22,000 ಗಜ ಆಗುತ್ತಿತ್ತು. ಇದು ಕಾಗದದ ಲೆಕ್ಕ, ಮೊಣಕಾಲು ಇದನ್ನು ಒಪ್ಪಬೇಕೆಂದಿಲ್ಲ. ಸ್ಮಿತ್‌ನನ್ನು ಹೀಗಳೆಯುತ್ತಲೂ ಇಲ್ಲ, 15 ವರ್ಷ ಆ ಪೆಟ್ಟು ತಿಂದು ನಿಂತದ್ದು ಸಣ್ಣ ಮಾತಲ್ಲ. ಆದರೆ ಅವನ ಡಲ್ಲಾಸ್ ತಂಡ ಮೂರು ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದ ತಂಡ. ಸ್ಯಾಂಡರ್ಸ್ ಇದ್ದ ಹತ್ತು ವರ್ಷಗಳಲ್ಲಿ ಲಯನ್ಸ್ ಗೆದ್ದ ಪ್ಲೇಆಫ್ ಪಂದ್ಯ ಒಂದೇ ಒಂದು, ಅದೂ ಅದೇ ಡಲ್ಲಾಸ್ ಮೇಲೆ, 1992ರ ಜನವರಿಯಲ್ಲಿ, 38-6ರಿಂದ. ಆ ಪಂದ್ಯದಲ್ಲಿ ಅವನು 47 ಗಜ ಓಡಿ ಎದುರಾಳಿಯ ಗೋಲ್ ಗೆರೆ ದಾಟಿ ಹೊಡೆದ ಟಚ್‌ಡೌನ್ ನೋಡಬೇಕು. ನಾಲ್ಕೈದು ಜನ ಸುತ್ತುವರಿದು ಕೆಡವಿದರು ಎಂದುಕೊಳ್ಳುವಷ್ಟರಲ್ಲಿ ಗುಂಪಿನಿಂದ ನುಸುಳಿ ಹೊರಗೆ ಓಡುತ್ತಿರುತ್ತಾನೆ. ಜುಲೈ ಮಳೆಗೆ ಶಾಲೆಯ ಮೈದಾನ ಕೆಸರಾದಾಗ ನಾನು ಹುಡುಗರನ್ನು ಎಸ್ಟೇಟಿನ ಖಾಲಿ ಕಾಫಿ ಕಣಕ್ಕೆ ಕರೆದುಕೊಂಡು ಹೋಗಿ ಬರೀ ಕಾಲಿನ ಚಲನೆ ಕಲಿಸುತ್ತಿದ್ದೆ. ಈ ಓಟದ ವಿಡಿಯೊ ಆಗಲೇ ಕೈಯಲ್ಲಿದ್ದಿದ್ದರೆ ನನ್ನ ಗಂಟಲು ಎಷ್ಟೋ ಉಳಿಯುತ್ತಿತ್ತು.

ಅವಕಾಶ ಹಾಳು ಮಾಡಿಕೊಂಡ ಎಂದಿರಲ್ಲ. ಸ್ಯಾಂಡರ್ಸ್ ಮೊದಲ ವರ್ಷ, 1989ರಲ್ಲಿ ಏನು ಮಾಡಿದ ಗೊತ್ತೇ? ಡಿಸೆಂಬರ್ 24, ಅಟ್ಲಾಂಟಾದಲ್ಲಿ ಋತುವಿನ ಕೊನೆಯ ಪಂದ್ಯ. ಅಂದು 158 ಗಜ ಓಡಿ ಒಟ್ಟು 1,470ಕ್ಕೆ ತಂದಿದ್ದ. ಕಾನ್ಸಾಸ್ ಸಿಟಿಯ ಕ್ರಿಶ್ಚಿಯನ್ ಒಕೊಯೆ 1,480ರಲ್ಲಿದ್ದ. ಹತ್ತು ಗಜ ಮೀರಿದರೆ ಆ ವರ್ಷದ ಅಗ್ರ ಓಟಗಾರನ ಪಟ್ಟ. ಕೋಚ್ ವೇಯ್ನ್ ಫಾಂಟ್ಸ್ ಕೇಳಿದರು, ಮತ್ತೆ ಇಳಿಯುತ್ತೀಯಾ ಅಂತ. ಪಂದ್ಯ ಕೈಯಲ್ಲಿತ್ತು. ಹುಡುಗ ಬೇಡ ಎಂದ. ಇಪ್ಪತ್ತೊಂದು ವರ್ಷದವನು! ನಮ್ಮಲ್ಲಿ ತಾಲ್ಲೂಕು ಮಟ್ಟದ ಉತ್ತಮ ರೈಡರ್ ಕಪ್ಪಿಗೆ ಅಪ್ಪಂದಿರು ಅಂಪೈರ್ ಜತೆ ಜಗಳಕ್ಕೆ ನಿಲ್ಲುವುದನ್ನು ಕಂಡವನು ನಾನು.

ಕಾಲೇಜಿನಲ್ಲೂ ಅವಸರ ಮಾಡಿದವನಲ್ಲ. ಓಕ್ಲಹೋಮ ಸ್ಟೇಟ್ ತಂಡದಲ್ಲಿ ಎರಡು ವರ್ಷ ಥರ್ಮನ್ ಥಾಮಸ್‌ನ ಹಿಂದೆ ಬದಲಿ ಆಟಗಾರನಾಗಿ ಕೂತಿದ್ದ. ಸರದಿ ಬಂದ 1988ರಲ್ಲಿ 11 ಪಂದ್ಯಗಳಿಂದ 2,628 ಗಜ ಓಡಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಪಡೆದ.

1997ನ್ನು ಬಿಡುವಂತಿಲ್ಲ. ಮೊದಲ ಎರಡು ಪಂದ್ಯ ಸೇರಿ 53 ಗಜ, ಅಷ್ಟೇ. ಆಮೇಲೆ ಸತತ 14 ಪಂದ್ಯಗಳಲ್ಲಿ ಒಂದರಲ್ಲೂ ನೂರು ಗಜಕ್ಕೆ ಕಡಿಮೆ ಇಲ್ಲ. ಟ್ಯಾಂಪಾದಲ್ಲಿ ಒಂದೇ ದಿನ 80 ಗಜದ್ದೊಂದು, 82 ಗಜದ್ದೊಂದು ಓಟ. ವರ್ಷದ ಮೊತ್ತ 2,053. ಅದಕ್ಕೆ ಮುಂಚೆ ಒಂದೇ ಋತುವಿನಲ್ಲಿ ಎರಡು ಸಾವಿರ ದಾಟಿದವರು ಓ.ಜೆ. ಸಿಂಪ್ಸನ್ ಮತ್ತು ಎರಿಕ್ ಡಿಕರ್ಸನ್ ಇಬ್ಬರೇ. ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಬ್ರೆಟ್ ಫಾವ್ರ್ ಜತೆ ಹಂಚಿಕೊಂಡ. ಎರಡು ಸಾವಿರದ ಗೆರೆ ದಾಟಿದ್ದು ಡಿಸೆಂಬರ್ 21ರಂದು, ನ್ಯೂಯಾರ್ಕ್ ಜೆಟ್ಸ್ ಎದುರು. ಅದೇ ಪಂದ್ಯದಲ್ಲಿ ಅವನ ತಂಡದ ರೆಜಿ ಬ್ರೌನ್ ಬೆನ್ನುಹುರಿಗೆ ಪೆಟ್ಟಾಗಿ ಉಸಿರು ನಿಂತು ಮೈದಾನದಲ್ಲೇ ಬಿದ್ದ. ಜೀವ ಉಳಿಯಿತು, ಆಟ ಮುಗಿಯಿತು. ಆರು ವರ್ಷ ಹಿಂದೆ ಇನ್ನೊಬ್ಬ ಜತೆಗಾರ ಮೈಕ್ ಅಟ್ಲಿ ಅದೇ ಅಂಗಳದಲ್ಲಿ ಪಾರ್ಶ್ವವಾಯುವಿಗೆ ಒಳಗಾಗಿದ್ದ. ಈ ಎರಡನ್ನೂ ಕಂಡವನು ಇನ್ನೊಂದು ವರ್ಷ ಆಡಿ 1,491 ಗಜ ಸೇರಿಸಿ, 1999ರ ಜುಲೈನಲ್ಲಿ ತನ್ನೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ನಿವೃತ್ತನಾದ. ಆಗ ಪಟ್ಟಿಯ ತುದಿಯಲ್ಲಿದ್ದವನು ಪೇಟನ್, ಅವನ ದಾಖಲೆಗೆ ಬಾಕಿ ಇದ್ದದ್ದು 1,457 ಗಜ. ಸ್ಯಾಂಡರ್ಸ್‌ಗೆ ಅದು ಒಂದು ವರ್ಷದ ಕೆಲಸ. ಆಟದಲ್ಲಿ ಉಳಿಯುವ ಆಸೆಗಿಂತ ಬಿಡುವ ಆಸೆ ದೊಡ್ಡದಾಗಿದೆ ಎಂದು ಬರೆದಿದ್ದ. ಗೆಲ್ಲುವ ತಂಡ ಕಟ್ಟಲು ಲಯನ್ಸ್‌ನವರು ಮನಸ್ಸು ಮಾಡುತ್ತಿಲ್ಲ ಎಂಬ ಬೇಸರವನ್ನು ಆಮೇಲೆ ಹೇಳಿಕೊಂಡ. ಫ್ಯಾಕ್ಸಿನಲ್ಲಿ ತಿಳಿಸಿ ಹೋದದ್ದು ನನಗೆ ಸರಿ ಕಾಣುವುದಿಲ್ಲ, ಅಭಿಮಾನಿಗಳ ಮುಂದೆ ಒಮ್ಮೆ ಬಂದು ನಿಲ್ಲಬೇಕಿತ್ತು. ಆದರೆ ಹತ್ತು ಗಜ ಬೇಡ ಎಂದವನು ಹತ್ತು ವರ್ಷದ ನಂತರ 1,457 ಗಜ ಬೇಡ ಎಂದರೆ ಅದರಲ್ಲಿ ಹಾಳಾದದ್ದೇನು? 2004ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. 2023ರಲ್ಲಿ ಡೆಟ್ರಾಯಿಟ್‌ನಲ್ಲಿ ಲಯನ್ಸ್ ಆಡುವ ಫೋರ್ಡ್ ಫೀಲ್ಡ್ ಕ್ರೀಡಾಂಗಣದ ಮುಂದೆ ಪ್ರತಿಮೆಯನ್ನೂ ನಿಲ್ಲಿಸಿದರು.

ಕೊನೆಗೆ ಒಂದು ವಿನಂತಿ. ಇಂಥ ಪಟ್ಟಿ ಹಾಕುವಾಗ ಎಷ್ಟು ಋತು ಆಡಿದ, ಎಷ್ಟು ಸಲ ಓಡಿದ ಎಂಬ ಎರಡು ಕಾಲಂ ಸೇರಿಸಿ. ಹಾಗೆಯೇ ನಮ್ಮ ಜಿಲ್ಲಾ ಪುಟದ ಕಬಡ್ಡಿ ವರದಿಗಳಲ್ಲೂ ಯಾರು ಎಷ್ಟು ರೈಡ್ ಮಾಡಿ ಎಷ್ಟು ಅಂಕ ತಂದರು ಎಂಬುದು ಬರಲಿ. ಈಗ ಬರುತ್ತಿರುವುದು ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಬಹುಮಾನ ವಿತರಿಸಿದವರು, ಉಪಸ್ಥಿತರಿದ್ದವರು. ಫೈನಲ್‌ನಲ್ಲಿ ಆಡಿದ ಒಬ್ಬ ಹುಡುಗನ ಹೆಸರಾದರೂ ಸಿಗುತ್ತದೆಯೇ ಎಂದು ನೋಡಿದರೆ, ತಂಡದ ಹೆಸರಿಗೇ ವರದಿ ಮುಗಿದಿರುತ್ತದೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ